ಜೇಬಿನ ಕಡ್ಡಿ

“ಇದನ್ನ ಹುಡುಗೀನೇ ಹೆಣೆದಿದ್ದಾ?” ಹೆಣ್ಣು ನೋಡಲು ಆಂಡಿಪಟ್ಟಿಯಿಂದ ಬಂದಿದ್ದ ಗಂಡಿನ ತಾಯಿ ಮೇಜಿನ ಮೇಲಿನ ಕ್ರೋಶಾ ಹಾಸನ್ನು ಸವರುತ್ತ ಕೇಳಿದಳು. ಇಂಥ ಹೊತ್ತಲ್ಲಿ ಯಾರ ಮನೆಯಲ್ಲಾದರೂ ಹೌದೆನ್ನುವುದೇ ವಾಡಿಕೆ.

ಮೂಲೆಯಲ್ಲಿ ಹುಡುಗಿಯ ಅಜ್ಜ ಮೂಕಯ್ಯ ತಲೆ ತಗ್ಗಿಸಿ ಕೂತಿದ್ದ. ನೂಲಿನ ಮಿಲ್ಲಿನಿಂದ ನಿವೃತ್ತನಾದ ಮೇಲೆ ಅವನಿಗೆ ಹಿಡಿದ ಹುಚ್ಚು ಈ ಹೆಣಿಗೆ. ಗಂಡಸಿಗೆ ಈ ಕೆಲಸವೇ ಎಂದು ಹೆಂಡತಿ ಪಾಂಡಿಯಮ್ಮಾಳಿಗೆ ನಾಚಿಕೆ. ಬೆಳಿಗ್ಗೆಯೇ ಅವನ ಕ್ರೋಶಾ ಕಡ್ಡಿಯನ್ನು ಜೇಬಿನಲ್ಲಿ ಬಚ್ಚಿಡಿಸಿದ್ದಳು.

ಮೊಮ್ಮಗಳು ತೇನ್‌ಮೊಳಿ ಅಜ್ಜಿಯ ಮುಖ ನೋಡಿದಳು. ಪಾಂಡಿಯಮ್ಮಾಳ್ ಹಾಸನ್ನು ಎತ್ತಿ ಹಿಂಬದಿ ತಿರುಗಿಸಿದಳು. ಒಂದು ಗಂಟೂ ಕಾಣಲಿಲ್ಲ.

“ಇವಳಿಗೆ ಗುಂಡಿ ಹೊಲಿಯೋಕೂ ಬರಲ್ಲ ಅಕ್ಕ. ಮಿಲ್ಲಲ್ಲಿ ತುಂಡಾದ ನೂಲು ಸೇರಿಸ್ತಿದ್ದ ಕೈ ಹೆಣೆದಿದ್ದು ಇದು,” ಎಂದು ಗಂಡನತ್ತ ತಿರುಗಿದಳು. “ಜೇಬಲ್ಲಿರೋ ಕಡ್ಡಿ ಈಚೆ ತೆಗೀರಿ. ಅಕ್ಕ ನೋಡಲಿ.”