ಇನಾಮದಾರರ ಅವಿಭಾಜ್ಯ

ಕಾಲೇಜುಗಳಿಗೆ ಕಂಪ್ಯೂಟರ್ ಇನ್ನೂ ಬಾರದ ಕಾಲ. ಪ್ರೊಫೆಸರ್ ಇನಾಮದಾರರು ಇಪ್ಪತ್ತೊಂದು ಅಂಕಿಗಳ ಒಂದು ಸಂಖ್ಯೆಯನ್ನು ಹಿಡಿದು, ಇದು ಅವಿಭಾಜ್ಯ, ಒಂದು ಮತ್ತು ತಾನು ಬಿಟ್ಟರೆ ಬೇರೆ ಯಾವುದರಿಂದಲೂ ಭಾಗವಾಗುವುದಿಲ್ಲ ಎಂದು ಸಾರಿದರು. ಶಾಲು, ಹಾರ, ಪೇಟ ಎಲ್ಲ ಬಂದವು. ಅದೇ ವಿಭಾಗದ ಸಾಲಿಮಠರಿಗೆ ಹೊಟ್ಟೆ ಉರಿಯಿತು. ಆ ಸಂಖ್ಯೆಯನ್ನು ಒಡೆದೇ ಸಾಯುತ್ತೇನೆಂದು ಶಪಥ ಮಾಡಿ, ನಿವೃತ್ತರಾದ ಮೇಲೂ ಭಾಗಿಸುತ್ತಲೇ ಕೂತರು. ಹೆಂಡತಿ ಬೇಸತ್ತು ಊಟಕ್ಕೆ ಕರೆಯುವುದನ್ನೇ ಬಿಟ್ಟರು.

ಕೊನೆಗೊಂದು ಬೆಳಿಗ್ಗೆ ಸಂಖ್ಯೆ ಶೇಷವಿಲ್ಲದೆ ಒಡೆಯಿತು. ಸಾಲಿಮಠರು ಬನಿಯನ್ ಮೇಲೆಯೇ ಕೋಟು ಏರಿಸಿಕೊಂಡು ಇನಾಮದಾರರ ಮನೆಗೆ ಓಡಿದರು. ಅವರು ಆಸ್ಪತ್ರೆಯಲ್ಲಿದ್ದಾರೆಂದು ತಿಳಿದು ಅಲ್ಲಿಗೂ ಓಡಿದರು.

ಇನಾಮದಾರರ ಮೂಗಿಗೆ ನಳಿಗೆ ಹಾಕಿದ್ದರು. ಸುತ್ತಲೂ ಹಳೆಯ ವಿದ್ಯಾರ್ಥಿಗಳು ಕಣ್ಣೊರೆಸಿಕೊಳ್ಳುತ್ತ ನಿಂತಿದ್ದರು.

“ಸಾಲಿಮಠ, ಸಾಯೂ ಮನಷ್ಯಾಗ ಸುಳ್ಳು ಹೇಳಬ್ಯಾಡ. ನನ್ನ ಸಂಖ್ಯೆ ಒಡೀತೇನು?”

ಉತ್ತರ ಸಾಲಿಮಠರ ನಾಲಿಗೆಯ ತುದಿಗೇ ಬಂದಿತ್ತು. ಆ ಒಣಗಿದ ಮುಖ ನೋಡಿ ನುಂಗಿಕೊಂಡರು. ಜೀವನದಲ್ಲಿ ಮೊದಲ ಬಾರಿಗೆ ಆ ಮನುಷ್ಯನ ಮೇಲೆ ಕನಿಕರ ಹುಟ್ಟಿತ್ತು.

“ಇಲ್ಲೋ ಮಾರಾಯಾ. ಇಷ್ಟು ವರ್ಷ ತಿಣುಕಿದೆ. ಅದು ಅವಿಭಾಜ್ಯನ. ನೀ ಗೆದ್ದಿ.”

“ಇವರೆಲ್ಲಾರ ಮುಂದ ಆಣಿ ಮಾಡು.”

“ನಿನ್ನಾಣಿ.”

ಇನಾಮದಾರರ ಮುಖ ಅರಳಿತು. ಮೆಲ್ಲಗೆ ವಿದ್ಯಾರ್ಥಿಗಳ ಕಡೆ ಹೊರಳಿದರು.

“ಎಲ್ಲಾರೂ ಕೇಳಿದ್ರಿಲ್ಲೋ? ನಾ ಅದನ್ನ ಹೋದ ವರ್ಷನ ಒಡದೀನಿ. ಈ ಮಂಗ್ಯಾಗ ಇನ್ನೂ ಬಗೀಹರಿದಿಲ್ಲ!”