ಕೆಂಪು ಚುಕ್ಕೆ ಬೀಳದ ಊರು

ಯಾವ ಊರಿಗೆ ಎಷ್ಟು ಸಲ ನೆರೆ ಬಂದಿದೆಯೆಂದು ನಕಾಶೆಯಲ್ಲಿ ಗುರುತಿಸಲು ಸಾಹೇಬರು ಹೊಳೆದಂಡೆಯ ಊರಿಗೆ ಬಂದರು. ಮೂರು ಸಲ ಬಂದಿದ್ದರೆ ಕೆಂಪು ಚುಕ್ಕೆ; ಚುಕ್ಕೆ ಬಿದ್ದ ಊರಿಗೆ ಎತ್ತರದ ಜಾಗದಲ್ಲಿ ಹೊಸ ಮನೆಗಳು.

“ಅವ್ವಾರ, ಇಲ್ಲಿ ವಿಪತ್ತು ಎಷ್ಟು ಸಲ ಬಂದೈತ್ರಿ?”

ಊರಿನ ಹಿರಿಯಳಾದ ನೀಲವ್ವ ಹೊಳೆಯತ್ತ ಕೈಮುಗಿದಳು. “ವಿಪತ್ತು ಒಂದೂ ಬಂದಿಲ್ರೀ. ತಾಯಿ ಗಂಗವ್ವ ಆರು ಸಲ ಮನಿಗೆ ಬಂದು ಹೋಗ್ಯಾಳ.”

ಸಾಹೇಬರು ಸೊನ್ನೆ ಬರೆದರು.

“ಅತ್ತಿ ಅಂದದ್ದು ನೆರೀನರೀ,” ಎಂದಳು ಸೊಸೆ. “ಹೋದ ಸಲ ಎಮ್ಮಿಗೋಳು ಕಟ್ಟಿದಲ್ಲೇ ಸತ್ತು ಉಬ್ಬಿದ್ವು.”

“ವಿಪತ್ತಿಲ್ಲ ಅಂತ ಆಕೀನ ಅಂದಾಳಲ್ಲ. ಹೆಬ್ಬೆಟ್ಟು ಒತ್ತಸು.”

ನೀಲವ್ವ ಭಕ್ತಿಯಿಂದಲೇ ಒತ್ತಿದಳು. ಸಾಹೇಬರು ಅಂಗಳಕ್ಕಿಳಿದು ಫೋನು ಹಚ್ಚಿದರು: “ಭಾವ, ಈ ಊರಾಗ ಜಾಗ ತಗೋಬ್ಯಾಡ್ರಿ, ಆರು ಸಲ ಮುಳುಗೈತಿ.”