ಹಲ್ಲಿನಲ್ಲಿ ಕಚ್ಚಿದ ದಾರ

ಬ್ಯೂಟಿ ಪಾರ್ಲರಿನಲ್ಲಿ ಗೆಳತಿಯರಿಬ್ಬರು ಮೊಬೈಲಿನಲ್ಲಿ ಓದಿದ ಕಾಮದ ಕಥೆಯೊಂದರ ಬಗ್ಗೆ ಜಗಳವಾಡುತ್ತಿದ್ದರು.

"ಅವಳು ಬೇಡ ಬೇಡ ಅಂದ್ರೂ ಅವನು ಬಿಡಲ್ಲ. ಇದನ್ನ ಸುಖ ಅಂತ ಬರೆಯೋದಾ? ಥೂ!"

"ಅದೆಲ್ಲ ಅವಳದೇ ಕಲ್ಪನೆ ಕಣೇ, ಮನಸ್ಸಲ್ಲೇ ನಡೆಯೋದು. ಯಾರಿಗೇನು ನೋವಾಯ್ತು?"

"ಬೇಡ ಅಂದ್ರೆ ಬೇಡ. ಕಲ್ಪನೇಲೂ!"

ಪಾರ್ಲರಿನ ಸುಗುಣಕ್ಕ ದಾರದ ತುದಿ ಹಲ್ಲಿನಲ್ಲಿ ಕಚ್ಚಿಕೊಂಡು ಅವರಲ್ಲೊಬ್ಬಳ ಹುಬ್ಬಿನ ಕೂದಲು ತೆಗೆಯುತ್ತಿದ್ದಳು. ಹಾಗಾಗಿ ಅವಳಿಗೆ ಮಾತಾಡಬೇಕಾದ ಕಷ್ಟ ತಪ್ಪಿತ್ತು.

"ನೀವೇ ಹೇಳಿ ಸುಗುಣಕ್ಕ, ನಮ್ಮಿಬ್ಬರಲ್ಲಿ ಯಾರು ಸರಿ?"

ಅವಳು ದಾರ ಬಿಟ್ಟಳು.

"ಯಾರು ಸರಿಯೋ ನಂಗೊತ್ತಿಲ್ಲಮ್ಮ. ಅವಳು ಬೇಡ ಅಂದಿದ್ದು ನಿಮ್ಮಿಬ್ಬರಿಗೂ ಕೇಳಿಸ್ತಲ್ಲ. ಮದುವೆಯಾದ ಹೊಸದ್ರಲ್ಲಿ ನಾನು ಬೇಡ ಅಂತ ಕೂಗಿದಾಗ, ಪಕ್ಕದ ಕೋಣೇಲಿ ನಮ್ಮತ್ತೆ ಟೀವಿ ಸೌಂಡು ಜಾಸ್ತಿ ಮಾಡಿದ್ರು."